ಗೌರಮ್ಮನವರ ಬಾವಿಯ ಗೀಜಗಗಳು

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕಿಟಕಿಯ ಪಕ್ಕ ಕುಳಿತಾಗ ನನ್ನ ತೊಡೆಯ ಮೇಲೆ ನೀಲಿ ಬಣ್ಣದ ಐಸ್ ಡಬ್ಬಿಯಿತ್ತು. ಆಸ್ಪತ್ರೆಯವರು ಲಸಿಕೆ ಒಯ್ಯುತ್ತಾರಲ್ಲ, ಅಂಥದು. ಎದುರಿಗೆ ಕುಳಿತಿದ್ದ ಗದಗಿನ ಹಿರಿಯರೊಬ್ಬರು ಅಣ್ಣಿಗೇರಿ ಬರುವ ತನಕ ತಡೆದುಕೊಂಡರು. ಆಮೇಲೆ ಕೇಳಿಯೇಬಿಟ್ಟರು.

“ಮೀನೇನ್ರಿ ಒಳಗ?”

“ಅಲ್ರಿ. ಈಗ ಬರೀ ಬರ್ಫ ಐತಿ.”

“ಮತ್ತ ಬರುವಾಗ?”

“ಬರುವಾಗ ಗೀಜಗನ ಹಿಕ್ಕಿ ತರಾಕಿ ಅದೀನ್ರಿ.”

ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. ಗದಗು ಇನ್ನೂ ದೂರವಿದ್ದರೂ ಎದ್ದು ಹೋಗಿ ಬಾಗಿಲ ಬಳಿ ನಿಂತರು. ನನಗೆ ನಗು ತಡೆಯಲಾಗಲಿಲ್ಲ. ಆ ದಿನ ನನಗೆ ಯಾವುದಕ್ಕಾದರೂ ನಗು ಬರುತ್ತಿತ್ತು. ಇಪ್ಪತ್ತೆರಡು ವರ್ಷ ಗೋಡೆಯ ಒಳಗೆ ಕುಳಿತು ಮಾಡಿದ ಕೆಲಸವನ್ನು ಮೊದಲ ಸಲ ಬಯಲಿನಲ್ಲಿ ನೋಡಲು ಹೊರಟಿದ್ದೆ.

ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಹಕ್ಕಿಗಳ ಹಿಕ್ಕೆಯಲ್ಲಿ ಹಾರ್ಮೋನು ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಕೇಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಇದು ಬಹಳ ಸಭ್ಯವಾದ ವಿದ್ಯೆ. ಹಕ್ಕಿಯನ್ನು ಹಿಡಿಯಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ. ಮಳೆಗಾಲ ಬಂತೆಂದರೆ ಗೀಜಗದ ತಲೆಯೊಳಗಿನ ಒಂದು ಸಣ್ಣ ಗ್ರಂಥಿ ಕೆಳಗೆ ಸಂದೇಶ ಕಳಿಸುತ್ತದೆ. ಆಗ ಮೈಯಲ್ಲಿ ಸಂತಾನದ ಹಾರ್ಮೋನು ಏರುತ್ತದೆ. ಅಲ್ಲಿಯವರೆಗೆ ಗುಬ್ಬಿಯ ಹಾಗೆ ಮಣ್ಣು ಬಣ್ಣಕ್ಕಿದ್ದ ಗಂಡು ತಲೆಯ ಮೇಲೆ ಅರಿಶಿನ ಸುರಿದುಕೊಂಡಂತೆ ಹಳದಿಯಾಗಿ, ಹುಲ್ಲೆಳೆ ಸೀಳಿ ಗೂಡು ನೇಯತೊಡಗುತ್ತದೆ. ಬಳಕೆಯಾಗಿ ಉಳಿದ ಹಾರ್ಮೋನಿನ ಚೂರು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಅದನ್ನೇ ನಾವು ಓದುತ್ತೇವೆ.

ಹತ್ತಿ ಹೊಲದ ಕೀಟನಾಶಕ ಈ ಸಂದೇಶಕ್ಕೆ ಅಡ್ಡ ಬರಬಲ್ಲದು. ಸಿಂಪಡಿಸಿದ ವಿಷದ ಉಳಿಕೆ ಹುಳುವಿನಲ್ಲಿ, ಕಾಳಿನಲ್ಲಿ ಸೇರಿ ಹಕ್ಕಿಯ ಹೊಟ್ಟೆಗೆ ಹೋಗುತ್ತದೆ. ಕೆಲವು ವಿಷಗಳು ತಾವೇ ಹಾರ್ಮೋನು ಎಂದು ಮೈಗೆ ಮೋಸ ಮಾಡುತ್ತವೆ, ಕೆಲವು ತಲೆಯಿಂದ ಬಂದ ಸಂದೇಶ ಕೆಳಗೆ ಮುಟ್ಟದಂತೆ ಮಾಡುತ್ತವೆ. ಹಕ್ಕಿ ಸಾಯುವುದಿಲ್ಲ. ತಿನ್ನುತ್ತದೆ, ಹಾರುತ್ತದೆ. ಆದರೆ ಗೂಡು ಕಟ್ಟುವ ಮನಸ್ಸಾಗುವುದಿಲ್ಲ. ಸತ್ತು ಬಿದ್ದ ಹಕ್ಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನಸ್ಸಾಗದ ಹಕ್ಕಿಯನ್ನು ನೋಡುವವರು ಯಾರು?

ನೋಡುವವರು ಒಬ್ಬರಿದ್ದರು. ಆಂಧ್ರದ ಕರ್ನೂಲು ಜಿಲ್ಲೆಯ ಆಸ್ಪರಿಯಲ್ಲಿ ವಿಜ್ಞಾನ ಕಲಿಸುವ ಗುರುರಾಜ ಮಾಸ್ತರರು. ನಾಲ್ಕು ಮಳೆಗಾಲದಿಂದ ಅವರು ಎರಡು ಬಾವಿಗಳ ಮೇಲಿನ ಗೀಜಗದ ಹಿಕ್ಕೆಯನ್ನು ಟ್ಯೂಬುಗಳಲ್ಲಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು ನಮಗೆ ಕಳಿಸುತ್ತಿದ್ದರು. ಎರಡನೇ ಬಾವಿ ಬೀಳುಭೂಮಿಯ ದಿಬ್ಬದ ಮೇಲಿನದು, ಅಲ್ಲಿ ಪ್ರತಿವರ್ಷ ಮರಿಗಳಾಗುತ್ತಿದ್ದವು. ಒಂದನೇ ಬಾವಿ ಹತ್ತಿ ಹೊಲದ ನಡುವಿನದು. ಅದರ ಟ್ಯೂಬುಗಳಲ್ಲಿ ಹಾರ್ಮೋನು ಪ್ರತಿವರ್ಷವೂ ತಳ ಹಿಡಿದಿರುತ್ತಿತ್ತು. ಜೊತೆಗೆ ಮಾಸ್ತರರ ದುಂಡು ಅಕ್ಷರದ ಚೀಟಿ: “ಗಂಡುಗಳ ಹಳದಿ ಮಾಸಲು. ಅರೆಗೂಡು ಕಟ್ಟಿ ಬಿಟ್ಟಿವೆ. ಹೆಣ್ಣು ಒಳಗೆ ಹೋಗಲಿಲ್ಲ.”

ಈ ವರ್ಷ ಬಂದ ಡಬ್ಬಿಯ ಒಂದನೇ ಬಾವಿಯ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಪರೀಕ್ಷೆಯಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ದ್ರವದ ಬಣ್ಣ ತಿಳಿಯಾಗುತ್ತದೆ. ಅದು ನೀರಿನಷ್ಟು ತಿಳಿಯಾಗಿ ನಿಂತಿತ್ತು. ಮತ್ತೆ ಮಾಡಿದೆ. ಮೂರನೇ ಸಲ ಮಾಡಿದೆ. ಅಷ್ಟೇ ತಿಳಿ. ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ, “ಟ್ಯೂಬು ಅದಲುಬದಲಾಗ್ಯಾವ. ಅದು ಎರಡನೇ ಬಾವೀದಿರಬೇಕು, ಬಿಡ್ರಿ” ಎಂದರು. ನನಗೆ ಬಿಡಲಾಗಲಿಲ್ಲ. ನಾಲ್ಕು ದಿನ ರಜೆ ಹಾಕಿದೆ.

ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟುವಾಗ ಹೊರಗೆ ಮೋಡ ಕವಿದ ತಂಪು ಹಗಲು. ಗುಂತಕಲ್ಲಿನಲ್ಲಿ ಇಳಿದು ರಾಯಚೂರಿನ ಕಡೆ ಹೋಗುವ ಗಾಡಿ ಹಿಡಿದೆ. ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐಸ್ ಡಬ್ಬಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಒಂದು ಗಂಟೆ ನಿಂತೆ. ಹೊತ್ತು ಇಳಿಯುವ ಮೊದಲು ಆದವಾನಿ ಬಂತು. ಊರಿನ ನೆತ್ತಿಯ ಮೇಲೆ ಬಂಡೆಗುಡ್ಡ, ಗುಡ್ಡದ ಬುಡಕ್ಕೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ತಗಡಿನ ಮಾಡುಗಳು. ಆಟೋದವನಿಗೆ ಹತ್ತಿ ಮಾರುಕಟ್ಟೆ ತೋರಿಸು ಎಂದೆ. “ಅಭಿ ಸೀಜನ್ ನೈ ಆಯಾ ಅಮ್ಮಾ,” ಎಂದ ಅವನು, ದಖನಿಯಿಂದ ಕನ್ನಡಕ್ಕೆ ಹೊರಳಿ, “ಹಂಗಾಮು ಇನ್ನೂ ಬಂದಿಲ್ರಿ, ದೀಪಾವಳಿಗೆ ಬರ್ರಿ. ರೋಡೆಲ್ಲಾ ಬೆಳ್ಳಗ ಆಗಿರ್ತೈತಿ, ಮೂಗಿನ್ಯಾಗೂ ಹತ್ತಿ, ಚಾದಾಗೂ ಹತ್ತಿ” ಎಂದು ನಕ್ಕ. ಬೀಗ ಹಾಕಿದ ಮಿಲ್ಲಿನ ಗೇಟಿನ ತಂತಿಗೆ ಕಳೆದ ವರ್ಷದ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಉಗ್ಗಾನಿ ತಿಂದೆ. ನಮ್ಮಲ್ಲಿಯ ಸೂಸಲವೇ. ನೆನೆಸಿದ ಮಂಡಕ್ಕಿಗೆ ಪುಠಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಎರಡು ಮೆಣಸಿನಕಾಯಿ ಬಜ್ಜಿ ಇಡುತ್ತಾರೆ. ಮೊದಲ ಬಜ್ಜಿಗೇ ಕಣ್ಣಲ್ಲಿ ನೀರು ಬಂತು, ಆದರೂ ಎರಡನೆಯದನ್ನು ಬಿಡಲಿಲ್ಲ. ಆಸ್ಪರಿಯ ಬಸ್ಸಿನಲ್ಲಿ ಕಂಡಕ್ಟರು ಆ ರಾಜ್ಯದ ಹೆಂಗಸರಿಗೆಲ್ಲ ದುಡ್ಡಿಲ್ಲದ ಚೀಟಿ ಹರಿದು ಕೊಡುತ್ತ ಬಂದ. ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, “ಕರ್ಣಾಟಕಾನಾ? ಐತೇ ಟಿಕೆಟ್ ತೀಸ್ಕೋವಾಲಮ್ಮಾ” ಎಂದು ದುಡ್ಡಿಗೆ ಕೈ ಚಾಚಿದ. ಪಕ್ಕದಲ್ಲಿದ್ದಾಕೆ, “ಅಲ್ಲಿ ನಮಗ ಟಿಕೆಟ್, ಇಲ್ಲಿ ನಿಮಗ ಟಿಕೆಟ್. ಸರಿ ಹೋತು ಬಿಡ್ರಿ” ಎಂದು ತನ್ನ ಬುಟ್ಟಿಯಿಂದ ಒಂದು ಹಿಡಿ ಹಸಿ ಶೇಂಗಾ ತೆಗೆದು ನನ್ನ ಉಡಿಗೆ ಹಾಕಿದಳು.

ದಾರಿಯುದ್ದಕ್ಕೂ ಒಂದು ಕಡೆ ಕೆಂಪು ನೆಲದ ಶೇಂಗಾ, ಇನ್ನೊಂದು ಕಡೆ ಕರಿ ನೆಲದ ಹತ್ತಿ. ಹತ್ತಿ ಮೊಳಕಾಲು ದಾಟಿತ್ತು, ಹೂ ಬಿಡಲು ಶುರುವಾಗಿತ್ತು. ಅಲ್ಲಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡವರು ಸಾಲುಗಳ ನಡುವೆ ನಡೆಯುತ್ತಿದ್ದರು. ಬಸ್ಸಿನ ಕಿಟಕಿಗೂ ಆ ಘಾಟು ಬಡಿಯಿತು. ಟ್ಯೂಬುಗಳಲ್ಲಿ ನಾನು ಹುಡುಕುತ್ತಿದ್ದ ತೊಂದರೆಗೆ ವಾಸನೆಯೂ ಇದೆ ಎಂಬುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಆಸ್ಪರಿಯಲ್ಲಿ ಗುರುರಾಜ ಮಾಸ್ತರರು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಲವತ್ತರ ಆಚೀಚೆ, ತೆಳ್ಳನೆಯ ಮೈ, ಹಣೆಯ ಮೇಲೆ ಅಂಗಾರ ಅಕ್ಷತೆ. ಊರು ಮಂತ್ರಾಲಯದ ಹತ್ತಿರದ ಮಾಧವರಂ. ನಾಲ್ಕು ವರ್ಷ ಬರೀ ಅಕ್ಷರದಲ್ಲಿ ಕಂಡ ಮನುಷ್ಯ ಎದುರಿಗೆ ನಿಂತಿದ್ದರು. ನಮಸ್ಕಾರ ಮಾಡಿದವರು ಕೈ ಇಳಿಸದೆ, ನೆಲ ನೋಡುತ್ತ ಹೇಳಿದರು:

“ಸುಮಂಗಲಾ ಮೇಡಂ, ಫೋನಿನ್ಯಾಗ ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಆ ದಿನ ಹಿಕ್ಕಿ ತುಂಬಿ ಬರುವಾಗ ಮಳಿ ಹೊಡೀತು. ಚೀಟಿ ಎಲ್ಲಾ ಅಳಿಸಿಹೋದ್ವು. ನಾನು ಮನೀಗೆ ಬಂದು ನೆನಪಿನ ಮ್ಯಾಲೆ ಬರದೆ. ಆವಾಗ ಗೂಡು ಇನ್ನೂ ಶುರು ಆಗಿದ್ದಿಲ್ಲ, ಆಮ್ಯಾಲೆ ಶಾಲಿ ಕೆಲಸದಾಗ ಬಾವಿ ಕಡೆ ಹೋಗ್ಲಿಕ್ಕೇ ಆಗಿಲ್ಲ.”

“ನೆನಪು ಗಟ್ಟಿ ಇತ್ತೇನ್ರಿ?”

“ಇತ್ತು ಅಂತನs ತಿಳ್ಕೊಂಡೀನಿ. ಆದ್ರ ದೇವರ ಮುಂದ ನಿಂತು ಹೇಳಂದ್ರ ಹೇಳ್ಲಿಕ್ಕೆ ಆಗಂಗಿಲ್ಲ.”

ಮುಖ್ಯಸ್ಥರ ಕನ್ನಡಕ ಕಣ್ಣ ಮುಂದೆ ಬಂತು. ಇನ್ನೂ ಬಾವಿ ನೋಡದೆ ಟ್ಯೂಬಿನ ಮಾತು ಬೇಡವೆಂದು ಬೈಕು ಹತ್ತಿದೆ. ಆಸ್ಪರಿಯಿಂದ ಏಳು ಕಿಲೋಮೀಟರು ಏರಿಳಿತದ ಕಲ್ಲು ದಾರಿ. ಒಂದನೇ ಬಾವಿಯ ಒಡತಿ ಗೌರಮ್ಮನವರು ಹೊಲದ ಬದುವಿನಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ ಹೆಂಗಸು, ಎತ್ತರದ ಆಳು, ಕೊರಳಲ್ಲಿ ಲಿಂಗ, ತಲೆಗೆ ಬಿಸಿಲಿಗೆ ಸುತ್ತಿದ ವಸ್ತ್ರ. ಇಪ್ಪತ್ತು ಎಕರೆ ಸ್ವತಃ ನಿಂತು ಮಾಡಿಸುವವರು.

“ಹಿಕ್ಕಿ ಮೇಡಂ ಅಂದ್ರ ನೀವೇನು?” ಎಂದರು. “ಬರ್ರಿ, ಬರ್ರಿ. ನಿಮ್ಮ ಮಾಸ್ತರು ನಮ್ಮ ಬಾವ್ಯಾಗ ಮಂಚ ಹಾಕ್ಯಾನ, ನೋಡೀರಂತ.”

ಬಾವಿಯ ಹತ್ತಿರ ಬಂದು ನಿಂತೆ. ಮೆಟ್ಟಿಲಿರುವ ದೊಡ್ಡ ಕಲ್ಲು ಬಾವಿ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಜಾಲಿ ಮರವೊಂದು ನೀರಿನ ಮೇಲೆ ಪೂರ್ತಿ ಬಾಗಿತ್ತು. ಅದರ ಕೆಳಗೆ, ನೀರಿಗಿಂತ ಎರಡಾಳು ಮೇಲೆ, ಒಂದು ಹಳೆಯ ಮಂಚದ ಚೌಕಟ್ಟು ನಾಲ್ಕು ಹಗ್ಗಗಳಲ್ಲಿ ತೂಗಾಡುತ್ತಿತ್ತು. ನುಲಿ ಬಿಚ್ಚಿ ಅದಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಹಿಕ್ಕೆ ನೀರಿಗೆ ಬೀಳಬಾರದಲ್ಲ! ನಾಲ್ಕು ವರ್ಷದಿಂದ ನನ್ನ ಟೇಬಲ್ಲಿಗೆ ಬರುತ್ತಿದ್ದ ಪ್ರತಿ ಟ್ಯೂಬಿನ ಹಿಂದೆ ಈ ಮಂಚವಿತ್ತು ಎಂದು ಗೊತ್ತಾಗಿ ಮಾಸ್ತರರ ಮೇಲೆ ನನಗೆ ಉಕ್ಕಿದ ಗೌರವ ಹೇಳಲಾರದ್ದು.

ಆಮೇಲೆ ತಲೆ ಎತ್ತಿದೆ.

ಹಳದಿ! ಏಳೆಂಟು ಗಂಡುಗಳು, ಒಂದೊಂದೂ ದೀಪ ಹಚ್ಚಿಟ್ಟಂತೆ. ರೆಕ್ಕೆ ಪಟಪಟ ಬಡಿಯುತ್ತ, ಚೀ ಎಂದು ಎಳೆದು ಕೂಗುತ್ತ, ಕೊಂಬೆಯಿಂದ ತಲೆಕೆಳಗಾಗಿ ಜೋತು ನೇಯುತ್ತಿದ್ದವು. ಒಂದು ಗಂಡು ಸಜ್ಜೆಯ ಗರಿಯ ಅಂಚು ಕಚ್ಚಿ, ಹಾರಿದ ರಭಸಕ್ಕೆ ಉದ್ದಕ್ಕೆ ಎಳೆ ಸೀಳಿಕೊಂಡು ಬಂದು, ಕೊಕ್ಕಿನಿಂದ ಒಳಕ್ಕೆ ತೂರಿಸಿ ಇನ್ನೊಂದು ಕಡೆಯಿಂದ ಎಳೆದು ಬಿಗಿ ಮಾಡಿತು. ಅರೆಗೂಡುಗಳಿದ್ದವು, ಹೊಸ ಹಸಿರಿನವು. ಆದರೆ ನನ್ನ ಕಣ್ಣು ನಿಂತದ್ದು ನಡುವಿನ ಮೂರು ಗೂಡುಗಳ ಮೇಲೆ. ಅವು ಪೂರ್ತಿಯಾಗಿದ್ದವು. ಉದ್ದನೆಯ ಸುರಂಗದ ಬಾಯಿ ಕೆಳಕ್ಕೆ ಇಳಿಬಿದ್ದಿತ್ತು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ಹೆಣ್ಣಿನ ದಾರಿ ಕಾಯುತ್ತದೆ. ಹೆಣ್ಣು ಬಂದು, ಎಳೆ ಜಗ್ಗಿ ನೋಡಿ, ಒಪ್ಪಿದರೆ ಮಾತ್ರ ಗಂಡು ಉಳಿದರ್ಧ ಕಟ್ಟುತ್ತದೆ. ಅಂದರೆ ಹೆಣ್ಣುಗಳು ಬಂದಿದ್ದವು, ಒಪ್ಪಿದ್ದವು!

ನಾನು ಮಾಸ್ತರರ ತೋಳು ಹಿಡಿದು ಕುಲುಕಿದೆ. “ಟ್ಯೂಬ್ ಸುಳ್ಳಲ್ರಿ! ನಿಮ್ಮ ನೆನಪು ಸುಳ್ಳಲ್ಲ!” ಮಡಿವಂತ ಮನುಷ್ಯ, ಪಾಪ, ತೋಳು ಬಿಡಿಸಿಕೊಳ್ಳಲೂ ಆಗದೆ ಕಣ್ಣು ಒದ್ದೆ ಮಾಡಿಕೊಂಡು ನಿಂತರು.

ಬದಲಾದದ್ದೇನು ಎಂದು ಗೌರಮ್ಮನವರನ್ನು ಕೇಳಿದೆ. ಬಾವಿಯ ಈ ಕಡೆಯ ಅವರ ಹೊಲದಲ್ಲಿ ಹತ್ತಿಯಿರಲಿಲ್ಲ. ನವಣೆ, ಸಜ್ಜೆ, ನಡುವೆ ಶೇಂಗಾ ನಿಂತಿತ್ತು.

“ಹಕ್ಕಿಗೆ ಅಂತ ಬಿಟ್ಟಿಲ್ರಿ, ಸುಳ್ಳ್ಯಾಕ ಹೇಳ್ಲಿ,” ಎಂದರು. “ನಮ್ಮ ಎಮ್ಮಿ ಬಿಡಿಸ್ತು. ಹ್ವಾದ ವರ್ಷದ ಹಿಂದಿನ ವರ್ಷ ಎಣ್ಣಿ ಹೊಡದ ಮ್ಯಾಲೆ ಈ ಬದುವಿನ ಹುಲ್ಲು ಕೊಯ್ದು ಹಾಕಿದೆ. ಮೂಸಿ ನೋಡಿ ಮಾರಿ ತಿರುವಿತು. ಎರಡು ದಿನ ಉಪಾಸ ಇತ್ತು, ಮುಟ್ಟಲಿಲ್ಲ. ಎಮ್ಮಿಗೆ ತಿಳಿದದ್ದು ನನಗ ತಿಳೀಬಾರದಾ? ಆವಾಗಿಂದ ಈ ಕಡೆ ಹತ್ತಿ ಹಾಕಿಲ್ಲ, ಎಣ್ಣಿ ತಂದಿಲ್ಲ.”

ಇಲ್ಲಿಯವರು ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ತೆಲುಗಿಗೆ ಹೊರಳಿದಾಗ ಅದು ಮಂದು, ಅಂದರೆ ಔಷಧ.

ಗೌರಮ್ಮನವರು ತಂದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಮೊಸರು ತಿಂದು ಬಾವಿಯ ಕಟ್ಟೆಯ ಮೇಲೆ ಕಾದು ಕುಳಿತೆವು. ಮಧ್ಯಾಹ್ನದ ಬಿಸಿಲಿಗೆ ಗಂಡುಗಳ ಗಲಾಟೆ ಇಳಿಯಿತು. ಮೂರು ಗಂಟೆಯ ಹೊತ್ತಿಗೆ ಬೂದುಗಂದು ಬಣ್ಣದ ಹೆಣ್ಣೊಂದು ಬಾವಿಯ ಆಚೆಯಿಂದ ಬಂದು ಕೊಂಬೆಯ ಮೇಲೆ ಕುಳಿತಿತು. ದುರ್ಬೀನು ಕಣ್ಣಿಗಿಟ್ಟೆ. ಅದರ ಕೊಕ್ಕಿನಲ್ಲಿ ಹಸಿರು ಮಿಡತೆಯಿತ್ತು. ಗೀಜಗ ದೊಡ್ಡದಾದ ಮೇಲೆ ಕಾಳು ತಿನ್ನುವ ಹಕ್ಕಿ, ಕೊಕ್ಕಿನಲ್ಲಿ ಹುಳು ಹಿಡಿದು ಗೂಡಿಗೆ ಬಂದರೆ ಅರ್ಥ ಒಂದೇ. ಸುರಂಗದೊಳಗೆ ಸರ್ರನೆ ಏರಿತು. ಒಳಗಿನಿಂದ, ನೂಲಿನಷ್ಟು ಸಣ್ಣಗೆ, ಚಿಂವ್ ಚಿಂವ್ ಎಂಬ ಸದ್ದು ಬಂತು.

“ಮರಿ!” ಎಂದು ಮೂವರೂ ಒಮ್ಮೆಗೇ ಕೂಗಿದೆವು.

ಈ ಕೂಗಿಗೆ ಬಾವಿಯ ಆಚೆ ಹತ್ತಿ ಸಾಲಿನಿಂದ ಒಬ್ಬ ಮನುಷ್ಯ ತಲೆ ಎತ್ತಿದರು. ಗೌರಮ್ಮನವರ ಮೈದುನ ಮಲ್ಲಣ್ಣ. ಬಾವಿ ಇಬ್ಬರದು, ಆಚೆಯ ಹೊಲ ಅವರದು, ಹತ್ತಿಯದು. ಐವತ್ತೈದರ ಗಟ್ಟಿಮುಟ್ಟಾದ ಆಸಾಮಿ. ಹತ್ತಿರ ಬಂದು ನಮ್ಮ ಸಂಭ್ರಮ ಕೇಳಿ ತಾವೂ ನಕ್ಕರು. ಆಮೇಲೆ ಸಹಜವಾಗಿ, “ಚೊಲೋ ಆತು ಅತ್ತಿಗಿ. ನಾಳೆ ಮುಂಜಾನೆ ಎಣ್ಣಿ ಹೊಡ್ಯಾಕ ಅದೀನಿ, ನಿಮ್ಮ ಎಮ್ಮಿನ್ನ ಈ ಕಡೆ ಬಿಡಬ್ಯಾಡ್ರಿ” ಎಂದರು.

ನಮ್ಮ ನಗು ಹಾಗೇ ನಿಂತಿತು.

“ಯಾಕ, ಏನಾತು?” ಎಂದರು ಮಲ್ಲಣ್ಣ.

ಮಾಸ್ತರರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ಆ ಹೆಣ್ಣು ಹಕ್ಕಿ ಮಿಡತೆ ತಂದದ್ದು ನಿಮ್ಮ ಹೊಲದ ಕಡೆಯಿಂದ. ನಾಳೆ ನೀವು ಸಿಂಪಡಿಸಿದರೆ ನಾಡಿದ್ದು ಅದು ತರುವ ಮಿಡತೆಯೂ ನಿಮ್ಮ ಹೊಲದ್ದೇ. ಈ ಬಾವಿಯ ಮೇಲೆ ನಾಲ್ಕು ವರ್ಷದಲ್ಲಿ ನಾವು ಕಂಡ ಮೊದಲ ಮರಿಗಳು ಇವು.

ಮಲ್ಲಣ್ಣ ಸಿಟ್ಟಾಗಲಿಲ್ಲ. ಒಂದು ಹತ್ತಿ ಎಲೆ ಕಿತ್ತು ತಿರುಗಿಸಿ ನನ್ನ ಅಂಗೈಯಲ್ಲಿಟ್ಟರು. ಅಂಚು ಮುದುರಿ ಹಳದಿಯಾಗಿತ್ತು, ಹಿಂಬದಿಯಲ್ಲಿ ಎಳ್ಳಿಗಿಂತ ಸಣ್ಣ ಹಸಿರು ಹುಳುಗಳು ಅಡ್ಡಡ್ಡ ಓಡುತ್ತಿದ್ದವು. “ಪಚ್ಚದೋಮ. ಜಿಗಿಹುಳ ಅಂತೀರಲ್ಲ ನೀವು. ಇದನ್ನ ನಿಮ್ಮ ಹಕ್ಕಿ ತಿಂತೈತೇನ್ರಿ?”

“ಇಲ್ರಿ. ಇಷ್ಟು ಸಣ್ಣದು ತಿನ್ನಂಗಿಲ್ಲ.”

“ಹೌದಲ್ಲ? ಹಿಂಗ ಖರೇ ಮಾತಾಡ್ರಿ, ಕೇಳ್ತೀನಿ. ಹಕ್ಕಿ ಎಲ್ಲಾ ಹುಳ ತಿಂತೈತಿ ಅಂತ ಹೇಳಿದ್ರ ಎದ್ದು ಹೋಗ್ತಿದ್ದೆ.” ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತು ಗೂಡುಗಳ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: “ಎಣ್ಣಿ ಹಕ್ಕೀ ಮೈಯಾಗ ಹೋಗಿ ಮರಿ ಆಗದಂಗ ಮಾಡ್ತೈತಿ ಅಂತೀರಿ. ಇಪ್ಪತ್ತು ವರ್ಷ ಆತು, ನಾನು ಬೆನ್ನಿಗೆ ಪಂಪ್ ಕಟ್ಟಿ ಹೊಡ್ಯಾಕ ಹತ್ತಿ. ನನ್ನ ಮೈಯಾಗ ಏನು ಮಾಡೈತಿ? ನಿಮ್ಮ ಆ ಟ್ಯೂಬಿನ್ಯಾಗ ನೋಡಾಕ ಬರ್ತೈತೇನು?”

ರೈಲಿನುದ್ದಕ್ಕೂ ಜನರಿಗೆ ವಿಜ್ಞಾನ ಹೇಳುವ ಹುರುಪಿನಲ್ಲಿ ಬಂದಿದ್ದೆ. “ನನಗ ಗೊತ್ತಿಲ್ರಿ ಮಲ್ಲಣ್ಣಾರ,” ಎಂದೆ. “ನಾನು ಹಕ್ಕೀದಷ್ಟ ನೋಡಾಕಿ. ಮನುಷ್ಯಾರದು ಡಾಕ್ಟರು ನೋಡ್ಬೇಕು. ಆದ್ರ ಬಾಯಿ ಮೂಗಿಗೆ ಏನೂ ಕಟ್ಟದs, ಬರಿಗೈಲೆ ಹೊಡೀಬ್ಯಾಡ್ರಿ, ಇಷ್ಟು ಗೊತ್ತೈತಿ.”

ಅವರು ಎರಡೂ ಕೈ ಚಾಚಿ ಹಿಂದೆ ಮುಂದೆ ನೋಡಿಕೊಂಡರು. “ಮುಂಜಾನೆ ಆರಕ್ಕ ಬರ್ತೀನಿ. ಆಕಿ ಎಲ್ಲಿಂದ ಹುಳ ತರ್ತಾಳ, ನನ್ನ ಕಣ್ಣಿಗೆ ತೋರಿಸ್ರಿ. ಆಮ್ಯಾಲೆ ಮಾತು” ಎಂದು ಎದ್ದು ಹೋದರು.

ಮೂರನೇ ದಿನ. ಗೌರಮ್ಮನವರ ಮನೆಯಿಂದ ಬಾವಿಗೆ ನಾವು ಬಂದಾಗ ಮಲ್ಲಣ್ಣ ಆಗಲೇ ಕಟ್ಟೆಯ ಮೇಲಿದ್ದರು. ಪಂಪು ಪಕ್ಕದಲ್ಲಿತ್ತು. ತಣ್ಣನೆಯ ಗಾಳಿ, ಮೋಡದ ಸಂದಿನಿಂದ ಎಳೆ ಬಿಸಿಲು. ದುರ್ಬೀನು ಅವರ ಕೈಗೆ ಕೊಟ್ಟೆ. ಮೊದಲು ತಿರುವು ಮುರುವು ಹಿಡಿದು ಬೈದುಕೊಂಡರು. ಆಮೇಲೆ ಸರಿಯಾಯಿತು.

ಹೆಣ್ಣು ಸುರಂಗದಿಂದ ಕೆಳಗೆ ಜಾರಿ ಹೊರಬಂತು. ನೇರ ಹತ್ತಿ ಹೊಲಕ್ಕೆ ಹಾರಿತು. ಬಾವಿಯ ಪಕ್ಕದ ಸಾಲುಗಳಲ್ಲೇ ಇಳಿಯಿತು, ಎಲೆಯ ಕೆಳಗೆ ಕತ್ತು ಹಾಕಿತು, ಹುಳು ಹಿಡಿದು ಮೇಲೆದ್ದಿತು. ಮಲ್ಲಣ್ಣ ದುರ್ಬೀನನ್ನು ಅದರ ಜೊತೆಗೇ ತಿರುಗಿಸುತ್ತ ಹೋದರು. ಗೂಡು. ಚಿಂವ್ ಚಿಂವ್. ಮತ್ತೆ ಹೊಲ. ಈ ಸಲ ಹಸಿರು ಕೀಡೆ.

“ಕಾಯಿ ಕೊರಿಯೋ ಜಾತೀ ಹುಳ ರೀ ಅದು!” ಎಂದು ಮಲ್ಲಣ್ಣ ಎದ್ದು ನಿಂತುಬಿಟ್ಟರು. “ಅತ್ತಿಗಿ, ನೋಡ್ರಿಲ್ಲಿ! ನನ್ನ ಹೊಲದಾಗ ಆಳು ಮಾಡಾಕ ಹತ್ಯಾಳ ಈಕಿ!”

“ನಿನ್ನ ಆಳಿಗೆ ನೀನs ಎಣ್ಣಿ ಕುಡಿಸ್ತೀ ಏನು ಮತ್ತ?” ಎಂದರು ಗೌರಮ್ಮ.

ಮಲ್ಲಣ್ಣ ದುರ್ಬೀನು ಮತ್ತೆ ಕಣ್ಣಿಗಿಟ್ಟರು. ಬಹಳ ಹೊತ್ತು ನೋಡಿದರು. ಕಡೆಗೆ ದುರ್ಬೀನು ಇಳಿಸಿ ಹೊಲಕ್ಕಿಳಿದರು. ಬಾವಿಯ ಹತ್ತಿರದ ಸಾಲಿನಿಂದ ಶುರು ಮಾಡಿ ಒಂದೊಂದು ಗಿಡದ ಎಲೆ ತಿರುಗಿಸುತ್ತ ಆಚೆ ತುದಿಯ ತನಕ ನಡೆದರು. ಮಾಸ್ತರರೂ ಪಕ್ಕದ ಸಾಲು ಹಿಡಿದು ನಡೆದರು. ತಿರುಗಿ ಬಂದಾಗ ಇಬ್ಬರ ಪಂಚೆಯೂ ಇಬ್ಬನಿಗೆ ತೊಯ್ದಿತ್ತು. ದೋಮ ಜೋರಾಗಿದ್ದದ್ದು ದೂರದ ತುದಿಯಲ್ಲಿ. ಬಾವಿಯ ಕಡೆಯ ಅರ್ಧದಲ್ಲಿ ಅಲ್ಲೊಂದು ಇಲ್ಲೊಂದು.

“ಆ ತುದಿಗೆ ಹೊಡೀಲಾರದs ನನಗ ಗತಿ ಇಲ್ಲ,” ಎಂದರು ಮಲ್ಲಣ್ಣ. “ಅದನ್ನ ಬಿಡು ಅಂತ ಯಾರೂ ಹೇಳಬ್ಯಾಡ್ರಿ. ಈ ಅರ್ಧ ಮರಿ ಹಾರೂ ತನಕ ಮುಟ್ಟಂಗಿಲ್ಲ. ಎಷ್ಟು ದಿನ ಬೇಕು ಅವಕ್ಕ?”

“ಎರಡು ವಾರ. ಒಂದೆರಡು ದಿನ ಹೆಚ್ಚು.”

“ಆತು. ಆದ್ರ ದೋಮ ಈ ಕಡಿ ಬಂದ್ರ?”

ಬಂದರೆ ನಷ್ಟ ಅವರದು, ನಮ್ಮದಲ್ಲ. ಅದು ಅವರಿಗೂ ಗೊತ್ತಿತ್ತು. ಮಾಸ್ತರರು ಮೆಲ್ಲಗೆ, “ದಿನಾ ಸಂಜೀಕೆ ಶಾಲಿ ಬಿಟ್ಟ ಮ್ಯಾಲೆ ಬಂದು ನಿಮ್ಮ ಜೋಡಿ ಎಲಿ ತಿರುವಿ ನೋಡ್ತೀನ್ರಿ” ಎಂದರು. ಮಲ್ಲಣ್ಣ ಅವರ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, ಹೆಗಲ ವಸ್ತ್ರವನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು, ಪಂಪು ಎತ್ತಿಕೊಂಡು ದೂರದ ತುದಿಗೆ ಹೋದರು. ಗಾಳಿ ಬಾವಿಯಿಂದ ಆಚೆಗೆ ಬೀಸುತ್ತಿದೆಯೇ ಎಂದು ಒಂದು ಹಿಡಿ ಮಣ್ಣು ತೂರಿ ನೋಡಿದ್ದನ್ನು ನಾನು ಕಂಡೆ.

ಆಮೇಲೆ ನನ್ನ ಕೆಲಸ. ಮಾಸ್ತರರು ಮೆಟ್ಟಿಲಿಳಿದು ಮಂಚವನ್ನು ಹಗ್ಗದಿಂದ ಎಳೆದರು. ನಾನು ಹಾಳೆಯ ಮೇಲಿನ ಹಸಿ ಹಿಕ್ಕೆಯನ್ನು ಚಿಮಟದಿಂದ ಎತ್ತಿ ಟ್ಯೂಬಿಗೆ ಹಾಕಿದೆ. ಈ ಸಲ ಪ್ರತಿ ಟ್ಯೂಬಿನ ಮೈಯ ಮೇಲೇ ಅಳಿಸದ ಶಾಯಿಯಲ್ಲಿ ನಾನೇ ಬರೆದೆ, ಮಾಸ್ತರರು ಪಕ್ಕದಲ್ಲಿ ನಿಂತು ಓದಿ ಹೇಳಿದರು. ಮಧ್ಯಾಹ್ನ ಬೈಕಿನಲ್ಲಿ ದಿಬ್ಬದ ಬಾವಿಗೂ ಹೋಗಿ ಬಂದೆವು. ಖುಷಿಯ ನಡುವೆಯೂ ಮಾಸ್ತರರಿಗೆ ಒಂದು ಮಾತು ಹೇಳಿದೆ. ಈ ವರ್ಷ ಮಳೆ ಚೆನ್ನಾಗಿದೆ, ಮಳೆಯೊಂದೇ ಹಕ್ಕಿಗಳನ್ನು ಎಬ್ಬಿಸಿರಲೂಬಹುದು. ಎಣ್ಣೆ ನಿಂತದ್ದರಿಂದಲೇ ಹೀಗಾಯಿತು ಎನ್ನಲು ಇನ್ನೂ ಕೆಲವು ಮಳೆಗಾಲ ನೋಡಬೇಕು. “ನೋಡೋಣಲ್ಲ, ಮಂಚ ಗಟ್ಟಿ ಅದ” ಎಂದರು ಅವರು.

ಹೊರಡುವ ಮುನ್ನ ಇನ್ನೊಮ್ಮೆ ಬಾವಿಯ ಹತ್ತಿರ ಬಂದೆ. ಮರಿಗಳಿದ್ದ ಗೂಡಿನ ಗಂಡು ಕಾಣಲಿಲ್ಲ. ಹುಡುಕಿದರೆ ಪಕ್ಕದ ಕೊಂಬೆಯಲ್ಲಿ ಹೊಸ ಹಸಿರೆಳೆಯಿಂದ ಇನ್ನೊಂದು ಗೂಡಿಗೆ ಗಂಟು ಹಾಕುತ್ತಿತ್ತು. ಗೀಜಗದ ಜಾತಿಯೇ ಹಾಗೆ. ಮೈಯಲ್ಲಿ ಹಾರ್ಮೋನು ಇನ್ನೂ ಜೋರಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿರಲಿಲ್ಲ. ಗೌರಮ್ಮನವರಿಗೆ ತೋರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಥೂ ಇವನ! ಆಕಿ ಒಳಗ ಮಕ್ಳನ್ನ ಕಟ್ಕೊಂಡು ಒದ್ದಾಡಾಕ ಹತ್ಯಾಳ, ಇವ ಇನ್ನೊಬ್ಬಾಕಿಗೆ ಮನಿ ಕಟ್ಟಾಕ ನಿಂತಾನ. ನಾಕು ವರ್ಷ ಕೈ ಕಟ್ಟಿ ಕುಂತದ್ದಕ್ಕ ಬಡ್ಡಿ ಸೇರಿಸಿ ತೀರಿಸ್ತಾನ ನೋಡ್ರಿ!” ಎಂದರು. ಬೈಕಿನ ಮೇಲೆ ಕುಳಿತ ಮಾಸ್ತರರು ನಾಚಿ ಆಕಾಶ ನೋಡಿದರು. ಕಲ್ಲು ದಾರಿಯ ಏರಿನಲ್ಲಿ ಹಿಂತಿರುಗಿ ನೋಡಿದಾಗ ಗೌರಮ್ಮನವರು ಇನ್ನೂ ಆ ಗಂಡಿಗೆ ಕೈ ಮಾಡಿ ಮಾಡಿ ಬೈಯುತ್ತಿದ್ದರು.

ಆದವಾನಿಯ ಒಂದು ಸೋಡಾ ಅಂಗಡಿಯಲ್ಲಿ ಡಬ್ಬಿಗೆ ಮಂಜುಗಡ್ಡೆ ತುಂಬಿಸಿಕೊಂಡು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ನಾಲ್ಕನೇ ದಿನ ಧಾರವಾಡ ಮುಟ್ಟಿದೆ. ಮನೆಗೆ ಹೋಗದೆ ನೇರ ಪ್ರಯೋಗಾಲಯಕ್ಕೆ ಹೋದೆ. ಮುಖ್ಯಸ್ಥರೂ ನನ್ನ ಹಿಂದೆ ಬಂದು ನಿಂತರು. ಎರಡೂ ಬಾವಿಯ ಸಾಲುಗಳು ಪಕ್ಕಪಕ್ಕದಲ್ಲಿ ಬಣ್ಣ ಬಿಟ್ಟವು. ಎರಡೂ ಒಂದೇ ಸಮ ತಿಳಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಮುಂದಿನ ವರ್ಷ ನಾನೂ ಬರ್ತೀನಿ” ಎಂದಷ್ಟೇ ಹೇಳಿದರು.

ಹದಿನೈದು ದಿನ ಕಳೆದ ಮೇಲೆ, ಮಧ್ಯಾಹ್ನ ನಾನು ಟ್ಯೂಬುಗಳನ್ನು ತೊಳೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿದೆ.

“ಮೇಡಂ, ನಾನು ಮಲ್ಲಣ್ಣ.” ಯಾರಿಗೋ ಕೇಳಿಸಬಾರದೆಂಬಂತೆ ದನಿ ಬಹಳ ಸಣ್ಣದಾಗಿತ್ತು. “ಮೂರು ಹಾರಿದ್ವು ರೀ. ನನ್ನ ಕಣ್ಣ ಮುಂದ. ಒಂದು ಹತ್ತಿ ಗಿಡದ ಮ್ಯಾಲೆ ಬಿತ್ತು, ಮತ್ತ ಎದ್ದು ಹೋತು.”

“ದೋಮ ಏನಾತ್ರಿ? ಈ ಕಡೆ ಬಂತೇನು?”

“ಒಂದೀಟು ಬಂದೈತಿ. ಇರ್ಲಿ, ಆ ಮಾತು ಈಗ ಬ್ಯಾಡ. ನಾಕನೇದು ಗೂಡಿನ ಬಾಯಾಗ ಕುಂತೈತಿ. ಕೆಳಗ ನೀರು ನೋಡಿ ಅಂಜಾಕ ಹತ್ತೈತಿ ಮೇಡಂ. ತಾಯಿ ಬಂದು ಕರದು ಕರದು ಹೋಗ್ತಾಳ, ಇದು ಬರವಲ್ದು.”

“ನೀವು ಎಲ್ಲಿದ್ದೀರಿ?”

“ಇಲ್ಲೇ ಬಾವಿ ಕಟ್ಟಿ ಮ್ಯಾಲೆ. ಮುಂಜಾನಿಂದ ಕುಂತೀನಿ. ಅದು ಹಾರೂ ತನಕ ನಾನೂ ಏಳಂಗಿಲ್ಲ.”